ಚರಸ್ವತ್ತು

ಬಿಸಿಲು ಇನ್ನೂ ಪೆಟ್ಟಿಗೆಗಳ ತಲೆಗೆ ಇಳಿದಿರಲಿಲ್ಲ. ಅವಳು ಆಗಲೇ ಹಿತ್ತಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ಹೊಗೆಡಬ್ಬಿ ಇರಲಿಲ್ಲ, ಮುಖಕ್ಕೆ ಬಲೆ ಇರಲಿಲ್ಲ. ಹೀಗೆ ಬರಿಗೈಲಿ ಬಂದು ಜೇನುಪೆಟ್ಟಿಗೆಗಳ ಮುಂದೆ ನಿಲ್ಲುವುದು ಅವಳ ರೂಢಿಯೇ ಅಲ್ಲ. ಬಂದರೆ ಮುಚ್ಚಳ ತೆಗೆಯಬೇಕು, ಚೌಕಟ್ಟು ಎತ್ತಬೇಕು, ಎರಿಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ನೋಡಬೇಕು. ಇವತ್ತು ಏನನ್ನೂ ಮುಟ್ಟುವ ಹಾಗಿರಲಿಲ್ಲ. ಸಾಲಿನಲ್ಲಿ ಒಂದು ಬಿಟ್ಟು ಒಂದು ಪೆಟ್ಟಿಗೆಯ ಮೇಲೆ ನೀಲಿ ಬಣ್ಣದ ಗೀಟು ಬಿದ್ದಿತ್ತು. ಗೀಟು ಇದ್ದವು ಗಂಡನವು, ಇಲ್ಲದವು ಇವಳವು. ಹೋದ ವಾರ ಅವನೇ ಬಂದು ಕುಂಚ ಹಿಡಿದು ಎಳೆದು ಹೋಗಿದ್ದ. ಒಳ್ಳೆಯವನ್ನೆಲ್ಲ ತನಗೆ ಆರಿಸಿಕೊಂಡ ಎನ್ನುವ ಮಾತು ಬರಬಾರದು ಎಂದು ಆ ತುದಿಯಿಂದ ಈ ತುದಿಗೆ ಒಂದು ಬಿಟ್ಟು ಒಂದು. ಅವನ ನ್ಯಾಯ ಯಾವತ್ತೂ ಹಾಗೇ, ಅಳತೆಪಟ್ಟಿ ಇಟ್ಟು ಮರಕ್ಕೆ ಗೆರೆ ಹಾಕಿದ ಹಾಗೆ. ಇವತ್ತು ವಿಚ್ಛೇದನದ ಒಪ್ಪಂದಕ್ಕೆ ರುಜು ಹಾಕಿದರೆ ಇವತ್ತೇ ಸಂಜೆ ಅವನು ತನ್ನ ಪೆಟ್ಟಿಗೆಗಳನ್ನು ತನ್ನ ಪಾಲಿಗೆ ಬರುವ ರಸ್ತೆಯಾಚೆಯ ತುಂಡು ಜಮೀನಿಗೆ ಒಯ್ಯುತ್ತಾನೆ. ನಾಳೆ ಬೆಳಗಾದರೆ ಅವನ ಹುಳಗಳು ಹೂವಿಗೆ ಹಾರಿಹೋಗಿ, ತಿರುಗಿ ಇಲ್ಲಿಗೇ ಬರುತ್ತವೆ. ಬಂದು, ತಮ್ಮ ಮನೆ ಇದ್ದ ಜಾಗದಲ್ಲಿ ಒಂದಿಷ್ಟು ಹೊತ್ತು ಸುತ್ತಾಡಿ, ಎಡಕ್ಕೋ ಬಲಕ್ಕೋ ಇರುವ ಇವಳ ಪೆಟ್ಟಿಗೆಯೊಳಗೆ ನುಗ್ಗುತ್ತವೆ. ಮಕರಂದ ಹೊತ್ತು ಬಂದವನ್ನು ಕಾವಲು ಹುಳಗಳು ತಡೆಯುವುದಿಲ್ಲ. ಅವನ ಪೆಟ್ಟಿಗೆಗಳಲ್ಲಿ ಒಂದು ರಾಣಿ, ಒಂದಿಷ್ಟು ಮರಿ, ಹಾರಲು ಬಾರದ ಎಳೆಯ ಹುಳ ಇಷ್ಟೇ ಉಳಿದು ವಾರದೊಳಗೆ ಸೊರಗುತ್ತವೆ. ಇದು ಅವಳಿಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ.

ಇಷ್ಟು ವರ್ಷ ಜೇನಿನ ಜತೆ ಬದುಕಿದವನಿಗೆ ಇದು ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಆದರೆ ಅವನು ಬದುಕಿದ್ದು ಪೆಟ್ಟಿಗೆಯ ಜತೆ, ಹುಳದ ಜತೆಯಲ್ಲ. ಅವನು ಬಡಗಿ. ಮೊದಲ ಸಲ ಅವಳ ಮನೆಗೆ ಬಂದದ್ದೂ ಪೆಟ್ಟಿಗೆ ಮಾಡಿಕೊಡುವುದಕ್ಕೇ. ಆಮೇಲೆ ಕೆಲಸ ತಾನಾಗಿ ಹಂಚಿಹೋಯಿತು: ಮರ ಕೊಯ್ಯುವುದು, ಮೂಲೆ ಕೂಡಿಸುವುದು, ವ್ಯಾನಿಗೆ ಹೇರಿ ಹೂ ಬಿಡುವ ಕಾಲಕ್ಕೆ ಬೆಟ್ಟದಾಚೆಯ ಹಣ್ಣಿನ ತೋಟಗಳಿಗೆ ಸಾಗಿಸುವುದು ಅವನದು, ಮುಚ್ಚಳ ತೆಗೆದ ಮೇಲಿನದೆಲ್ಲ ಇವಳದು. ಅವನು ಯಾವಾಗ ಸಾಗಿಸಿದ್ದರೂ ದೂರಕ್ಕೇ ಸಾಗಿಸಿದ್ದ. ಅಷ್ಟು ದೂರ ಹೋದ ಹುಳಕ್ಕೆ ಹೊರಬಂದು ನೋಡಿದರೆ ಗುರುತಿನ ಒಂದು ಮರವೂ ಕಾಣುವುದಿಲ್ಲ, ಹಾಗಾಗಿ ಹೊಸ ಜಾಗವನ್ನು ಹೊಸದಾಗಿ ಕಲಿಯುತ್ತದೆ. ಅದನ್ನು ನೋಡಿ ನೋಡಿ, ಹುಳ ಪೆಟ್ಟಿಗೆಗೆ ಸೇರಿದ್ದು, ಪೆಟ್ಟಿಗೆ ಎಲ್ಲಿಟ್ಟರೆ ಹುಳ ಅಲ್ಲಿ ಎಂದೇ ಅವನು ತಿಳಿದಿದ್ದ. ಹುಳ ಜಾಗಕ್ಕೆ ಸೇರಿದ್ದೆಂದು ಇವಳು ಕಲಿತದ್ದು ಅವನು ಬರುವುದಕ್ಕಿಂತ ಮುಂಚೆ. ಮಧ್ಯಾಹ್ನದ ಬಿಸಿಲು ಬೀಳುತ್ತದೆಂದು ಒಂದೇ ಒಂದು ಪೆಟ್ಟಿಗೆಯನ್ನು ಗೋಡೆಯ ಪಕ್ಕದಿಂದ ಮರದ ಕೆಳಕ್ಕೆ ಎತ್ತಿಟ್ಟಿದ್ದಳು. ಸಂಜೆ ಬಂದು ನೋಡಿದರೆ ಗೋಡೆಯ ಪಕ್ಕದ ಬರಿ ಕಲ್ಲಿನ ಮೇಲೆ ಹಿಡಿಯಷ್ಟು ಹುಳ ಒಂದನ್ನೊಂದು ಅಪ್ಪಿ ಕೂತಿದ್ದವು. ಮನೆ ಅಲ್ಲೇ, ಕಣ್ಣಳತೆಯಲ್ಲಿತ್ತು. ಅವಕ್ಕೆ ಮನೆ ಬೇಕಿರಲಿಲ್ಲ, ಆ ಕಲ್ಲು ಬೇಕಿತ್ತು. ಬೆಳಗ್ಗೆ ಗುಡಿಸಿ ಎತ್ತುವಾಗ ಅತ್ತಿದ್ದಳು. ಆ ದಡ್ಡತನವನ್ನು ಗಂಡನಿಗೆ ಯಾಕೆ ಹೇಳಲಿಲ್ಲವೋ. ಮೊದಲು ಅವನ ಮುಂದೆ ಬುದ್ಧಿವಂತೆಯಾಗಿ ಕಾಣಬೇಕಿತ್ತು, ಆಮೇಲೆ ಹೇಳುವ ಸಂದರ್ಭ ಬರಲಿಲ್ಲ.

"ಒಳಗೆ ಬಾರೇ, ಕಾಫಿ ಆರ್ತಾ ಇದೆ," ಎಂದು ಅತ್ತೆ ಅಡುಗೆಮನೆಯ ಕಿಟಕಿಯಿಂದ ಕೂಗಿದರು. ಗಂಡ ಮನೆ ಬಿಟ್ಟು ಬಾಡಿಗೆ ಕೋಣೆ ಹಿಡಿದು ವರ್ಷವಾಗುತ್ತ ಬಂದಿತ್ತು. ಅತ್ತೆ ಮಾತ್ರ ಅಲ್ಲಾಡಿರಲಿಲ್ಲ. ಮಗ ಕರೆಯಲು ಬಂದಾಗ, "ನಿನ್ನ ಕೋಣೆಗೆ ಕಿಟಕಿ ಇಲ್ಲ, ನಿನ್ನ ಬಾಯಿಗೆ ಮಾತಿಲ್ಲ, ನಾನು ಬಂದು ಗೋಡೆ ನೋಡ್ತಾ ಕೂರಲಾ?" ಎಂದು ಕಳಿಸಿದ್ದರು. ರಸ್ತೆಯಾಚೆಯ ಆ ಕಲ್ಲು ತುಂಬಿದ ತುಂಡು ಜಮೀನೇ ಬೇಕೆಂದು ಅವನು ಪಟ್ಟು ಹಿಡಿದದ್ದು ಇದಕ್ಕೇ. ಅಲ್ಲೊಂದು ತಗಡಿನ ಮನೆ ಹಾಕಿಕೊಂಡರೆ ದಿನಕ್ಕೊಮ್ಮೆ ತಾಯಿಯ ಮುಖ ಕಾಣುತ್ತದೆ.

ಅತ್ತೆ ಲೋಟ ಮುಂದಿಟ್ಟು ಕೇಳಿದರು, "ಆ ಕಾಗದದಲ್ಲಿ ಎಲ್ಲಾನೂ ಬರೆದಿದಾರಂತಲ್ಲ, ಮನೆ ಸ್ಥಿರ, ವ್ಯಾನು ಚರ ಅಂತ. ನನ್ನನ್ನ ಯಾವುದಕ್ಕೆ ಹಾಕಿದಾರೆ?"

"ನಿಮ್ಮ ಹೆಸರೇ ಇಲ್ಲ ಅದರಲ್ಲಿ."

"ಮೊಣಕಾಲು ನೋಡಿದ್ರೆ ಸ್ಥಿರ ಅಂತ್ಲೇ ಬರೀಬೇಕು. ನಿಮ್ಮ ವಕೀಲಮ್ಮನಿಗೆ ಹೇಳು."

ಅವಳಿಗೆ ನಗು ಬಂತು. ನಗುತ್ತಲೇ ಈ ಮನೆಯಲ್ಲಿ ನಗುವುದಕ್ಕೆ ಇನ್ನು ತನಗೆಷ್ಟು ಹಕ್ಕಿದೆ ಎಂದೂ ಅನ್ನಿಸಿತು. ಮನೆ ಅವಳ ಪಾಲಿಗೆ ಬಂದಿತ್ತು, ಉಳಿದ ಸಾಲದ ಸಮೇತ. ಅದನ್ನು ವಕೀಲೆ ಮೇಜಿನ ಮೇಲೆ ಕಾಗದ ಹರಡಿ ವಿವರಿಸಿದ್ದಳು. ಎತ್ತರದ ಕುರ್ಚಿ, ಹಿಂದೆ ಓದದ ಪುಸ್ತಕಗಳ ಬೀರು, ಮೂಲೆಯಲ್ಲಿ ಕೊಡೆಗಳನ್ನಿಡುವ ತಗಡಿನ ಡಬ್ಬ. "ನೋಡಿ ಇವ್ರೇ, ಕೋರ್ಟು ನಿಮ್ಮಿಬ್ಬರನ್ನ ಬೇರೆ ಮಾಡುತ್ತೆ. ಬ್ಯಾಂಕಿಗೆ ಅದು ಸಂಬಂಧವಿಲ್ಲ. ಅವರ ಪಾಲಿಗೆ ನೀವು ಗಂಡ ಹೆಂಡತಿ ಅಲ್ಲ, ಇಬ್ಬರು ಸಾಲಗಾರರು. ಒಬ್ಬರು ಕಟ್ಟದಿದ್ರೆ ಇನ್ನೊಬ್ಬರ ಬಾಗಿಲಿಗೆ ಬರ್ತಾರೆ. ಮನೆ ಸಾಲ ನಿಮ್ಮೊಬ್ಬರ ಹೆಸರಿಗೆ ಆಗಲಿ, ಆ ಅಂಗಡಿ ಸಾಲದ ಜಾಮೀನಿನಿಂದ ನಿಮ್ಮ ಹೆಸರು ತೆಗೆದ ಪತ್ರ ಕೈಗೆ ಬರಲಿ, ಆಮೇಲೆ ರುಜು." ವಿಮೆಯಲ್ಲಿ ವಾರಸುದಾರನ ಹೆಸರು ಬದಲಿಸಬೇಕು, ತಿಂಗಳು ತಿಂಗಳು ಜೀವನಾಂಶ ಕೇಳುವುದೋ ಅದರ ಬದಲಿಗೆ ಒಂದೇ ಸಲಕ್ಕೆ ಮನೆ ಪಡೆದು ಮುಗಿಸುವುದೋ ಈಗಲೇ ತೀರ್ಮಾನಿಸಬೇಕು, ಮುಗಿಸಿದರೆ ಮತ್ತೆ ಕೇಳುವ ಹಾಗಿಲ್ಲ. ಅವಳು ತಲೆಯಾಡಿಸುತ್ತಿದ್ದಳು. ಜಾಮೀನು ಎಂಬ ಮಾತು ಬಂದಾಗ ಮಾತ್ರ ತಲೆ ನಿಂತಿತು. ಗಂಡ ತನ್ನ ತಮ್ಮನ ಅಂಗಡಿಗೆ ಈ ಮನೆಯನ್ನೇ ಜಾಮೀನಿಟ್ಟಿದ್ದ. ಪೆಟ್ಟಿಗೆಗಳ ಸಹಾಯಧನದ ಅರ್ಜಿ ಎಂದು ಒಂದು ಕಟ್ಟು ಕಾಗದ ತಂದು, "ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ," ಎಂದು ಬೆರಳಿಟ್ಟು ತೋರಿಸಿದ್ದ. ಕೈಗೆ ಮೇಣ ಮೆತ್ತಿದ್ದ ಅವಳು ಸೀರೆಗೆ ಒರೆಸಿಕೊಂಡು ಬೆರಳಿದ್ದಲ್ಲೆಲ್ಲ ರುಜು ಹಾಕಿದ್ದಳು. ಅಂಗಡಿ ಮುಳುಗಿ ಬ್ಯಾಂಕಿನವರು ಬಂದ ದಿನ ಅವನು ಹೇಳಿದ್ದು ಇಷ್ಟೇ: "ಕೇಳಿದ್ರೆ ನೀನು ಬೇಡ ಅಂತಿದ್ದೆ." ದುಡ್ಡು ಹೋದದ್ದಕ್ಕಿಂತ ಆ ಮೇಣದ ಕೈ ಅವಳನ್ನು ಸುಡುತ್ತಿತ್ತು. ಅಷ್ಟು ಸಲೀಸಾಗಿ, ಅಷ್ಟು ನಂಬಿಕೆಯಿಂದ ಒರೆಸಿಕೊಂಡಿದ್ದ ಕೈ.

ವಕೀಲೆ ಕಾಗದ ಹರಡಿ ವಿವರಿಸಿದ ದಿನವೇ ಅವಳಿಗೆ ಹುಳದ ವಿಷಯವನ್ನೂ ಹೇಳಿದ್ದಳು. ವಕೀಲೆ ಪೆನ್ನು ಕೆಳಗಿಟ್ಟು, ಕರಡಿನ ಕೊನೆಯ ಕಲಮನ್ನು ಮತ್ತೊಮ್ಮೆ ಓದಿದಳು: ಈ ದಿನದಿಂದ ಒಬ್ಬರ ಜಾಗದಲ್ಲಿ ಕಂಡುಬರುವ ಚರಸ್ವತ್ತಿನ ಮೇಲೆ ಇನ್ನೊಬ್ಬರು ಯಾವ ಹಕ್ಕನ್ನೂ ಸಾಧಿಸತಕ್ಕದ್ದಲ್ಲ, ಒಬ್ಬರ ಅನುಮತಿಯಿಲ್ಲದೆ ಇನ್ನೊಬ್ಬರು ಅವರ ಜಾಗವನ್ನು ಪ್ರವೇಶಿಸತಕ್ಕದ್ದಲ್ಲ. ಓದಿ, ಬಾಯಿ ಬಿಗಿಹಿಡಿದರೂ ನಗು ತುಳುಕಿತು. "ತಾವಾಗೇ ಹಾರಿ ಬಂದ್ರೆ ಅವು ನಿಮ್ಮವೇ."

"ಅವರಿಗೆ ಗೊತ್ತಿಲ್ಲ."

"ಅದು ಅವರ ವಕೀಲರು ಕೇಳಬೇಕಾದ ಪ್ರಶ್ನೆ. ಉತ್ತರ ನೀವ್ಯಾಕೆ ಹೊತ್ಕೊಂಡು ತಿರುಗ್ತೀರಿ?"

ಬಸ್ಸಿನಲ್ಲಿ ಕೂತು ನಗರದತ್ತ ಹೋಗುವಾಗಲೂ ಅವಳು ಅದನ್ನು ಹೊತ್ತುಕೊಂಡೇ ಇದ್ದಳು. ಹೇಳಿದರೆ ಅವನು ಹುಳಗಳನ್ನು ದೂರ ಒಯ್ಯಬೇಕಾಗುತ್ತದೆ. ಹುಳ ದೂರವಾದರೆ ಅವನೂ ದೂರವಾಗುತ್ತಾನೆ, ಅತ್ತೆ ಕಿಟಕಿಯಲ್ಲಿ ಕಾಯುತ್ತ ಕೂರುತ್ತಾರೆ. ಹೇಳದಿದ್ದರೆ ಬೆರಳಿಟ್ಟು ತೋರಿಸುವುದು ಈ ಸಲ ತನ್ನ ಸರದಿ. ಅವನು ಹಾಕಲಿ ರುಜು. ಕಿಟಕಿಯ ಗಾಜಿಗೆ ಹಣೆ ಒತ್ತಿ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದರೆ ದೇವರನ್ನು ನೆನೆಯುವುದು ಅವಳ ಹಳೆಯ ಅಭ್ಯಾಸ. ಬೇಡಿಕೆ ಏನೂ ಇರುತ್ತಿರಲಿಲ್ಲ, ಹಿರಿಯರು ಕೂತ ಕೋಣೆಗೆ ಹೋಗಿ ಸುಮ್ಮನೆ ಒಂದು ಬದಿಗೆ ಕೂತ ಹಾಗೆ. ಇವತ್ತು ಆ ಕೋಣೆಗೆ ಹೋಗಲು ಸಂಕೋಚವಾಯಿತು. ಕಣ್ಣು ತೆರೆದು ಅಂಗಡಿಗಳ ಫಲಕಗಳನ್ನು ಓದುತ್ತ ಹೋದಳು.

ವಕೀಲೆಯ ಕೋಣೆಯಲ್ಲಿ ಅವನು ಆಗಲೇ ಬಂದು ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕಾಲರಿನ ಒಂದು ಮೂಲೆ ಮಡಿಚಿತ್ತು. ಅದನ್ನು ಸರಿಮಾಡಲು ಅವಳ ಕೈ ತಾನಾಗಿ ಅರ್ಧ ಎದ್ದು ಹಿಂದೆ ಬಂತು. ಅವನ ಕಡೆಯ ವಕೀಲ, ಕೆಮ್ಮುವ ಮುದುಕ, ಪುಟ ತಿರುವುತ್ತ ಪ್ರತಿ ಕಲಮಿಗೂ "ಸರಿಯಾ?" ಎನ್ನುತ್ತಿದ್ದ. ವಿಮೆಯ ವಿಷಯ ಬಂದಾಗ ಗಂಡ, "ಅವರು ಒಪ್ಪಿದ್ರೆ ನನಗೇನೂ ಅಡ್ಡಿ ಇಲ್ಲ," ಎಂದ. ಅವರು ಯಾರು ಎಂದು ಅವಳಿಗೆ ಒಂದು ಗಳಿಗೆ ಹೊಳೆಯಲಿಲ್ಲ. ತಾನೇ ಎಂದು ಹೊಳೆದಾಗ ಕೆನ್ನೆ ಬಿಸಿಯಾಯಿತು. ಇಷ್ಟು ವರ್ಷ 'ಏ', 'ಇವಳೇ' ಎಂದು ಕರೆಸಿಕೊಂಡದ್ದು ಮರ್ಯಾದೆಯಾಗಿತ್ತು, ಈ ಬಹುವಚನ ಹೊರಗೆ ತಳ್ಳಿದ ಹಾಗಿತ್ತು. ಕೊನೆಯ ಕಲಮು ಬಂತು. "ಸರಿಯಾ?" ಎಂದ ಮುದುಕ. ಗಂಡ ಪೆನ್ನಿನ ಮುಚ್ಚಳ ತೆಗೆದ.

"ಒಂದು ನಿಮಿಷ," ಎಂದು ಅವಳು ಎದ್ದು ನಿಂತಳು. ಯಾಕೆ ನಿಂತಳೋ, ಕೂತೇ ಹೇಳಬಹುದಿತ್ತು. "ನೀವು ಪೆಟ್ಟಿಗೆ ರಸ್ತೆಯಾಚೆ ಇಟ್ರೆ ಹುಳ ಉಳಿಯಲ್ಲ. ವಾಪಸ್ ಬಂದು ನನ್ನ ಪೆಟ್ಟಿಗೆ ಸೇರ್ತವೆ. ದೂರ ತಗೊಂಡು ಹೋಗಬೇಕು ನೀವು."

ವಕೀಲೆ ಕಿಟಕಿಯ ಕಡೆ ತಿರುಗಿದಳು. ಗಂಡ ಹೆಂಡತಿಯನ್ನೇ ನೋಡಿದ. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮರದೊಳಗೆ ಗಂಟು ಸಿಕ್ಕಿದಾಗ ಹಾಗೆ ನೋಡುತ್ತಿದ್ದ.

"ದೂರ ಅಂದ್ರೆ ಎಷ್ಟು ದೂರ?"

"ಬೆಟ್ಟದಾಚೆ."

"ಬೆಟ್ಟದಾಚೆ." ಅವನು ತನ್ನ ವಕೀಲನ ಕಡೆ ತಿರುಗಿ ನಕ್ಕ. "ನೋಡಿದ್ರಾ ಸಾರ್? ಜಮೀನು ಕೊಡೋಕೆ ಒಪ್ಪಿದ ದಿನವೇ ಅಂದ್ಕೊಂಡೆ, ಇದರಲ್ಲೇನೋ ಇದೆ ಅಂತ. ಅಮ್ಮನ ಮುಖ ನೋಡಬಾರದು ನಾನು, ಅಷ್ಟೇ." ಆಮೇಲೆ ಇವಳಿಗೆ, "ಇಷ್ಟು ವರ್ಷ ನಾನೇ ಸಾಗಿಸಿದೀನಿ. ಒಂದು ಹುಳ ವಾಪಸ್ ಬಂದಿದ್ದು ನಾ ಕಾಣೆ."

"ದೂರ ಸಾಗಿಸಿದ್ರಿ, ಅದಕ್ಕೇ..."

"ಸಾಕು ಬಿಡಿ," ಎಂದ. ಬಗ್ಗಿ ರುಜು ಹಾಕಿದ, ಎಲ್ಲ ಪುಟಕ್ಕೂ, ಒತ್ತಿ. ಪೆನ್ನು ಅವಳ ಕಡೆ ಬಂತು. ಅವಳೂ ಹಾಕಿದಳು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಮೈ ಹಗುರವಾಗಿತ್ತು. ಹೇಳಿಬಿಟ್ಟೆ, ನಂಬದಿದ್ದರೆ ನಾನೇನು ಮಾಡಲಿ. ಬಸ್ಸು ಊರ ಹೊರಗಿನ ಸೇತುವೆ ದಾಟುವ ತನಕ ಆ ಹಗುರ ಉಳಿದಿತ್ತು. ಆಮೇಲೆ ಅದಕ್ಕೊಂದು ವಾಸನೆ ಹತ್ತಿತು. ಹೇಳಿದ್ದೂ ಆಯಿತು, ಹುಳ ಬರುವುದೂ ಆಯಿತು. ಎರಡೂ ತನಗೇ ದಕ್ಕಿದ ಹಾಗಲ್ಲವೇ? ಅವನು ನಂಬದ ಹಾಗೆ ಹೇಳುವುದು ಹೇಗೆಂದು ಅವನನ್ನು ಕಟ್ಟಿಕೊಂಡವಳಿಗಲ್ಲದೆ ಇನ್ಯಾರಿಗೆ ಗೊತ್ತು? ನಾಲ್ಕು ಜನರ ಮುಂದೆ, ನಿಂತುಕೊಂಡು, ಪಾಠ ಹೇಳುವ ದನಿಯಲ್ಲಿ ಹೇಳಿದರೆ ಅವನು ಬೆಂಕಿ ಬಿದ್ದಿದೆ ಎಂದರೂ ನಂಬುವುದಿಲ್ಲ. 'ದೂರ' ಎಂಬ ಮಾತನ್ನು ಮೊದಲೇ ಆಡಬೇಕಿತ್ತೇ? ಅವನ ತಾಯಿಯ ಮಾತೆತ್ತಿ ಶುರುಮಾಡಬಹುದಿತ್ತು. ನಿನ್ನೆಯೇ, ಹಿತ್ತಲಲ್ಲಿ, ಅವನೊಬ್ಬನೇ ಇದ್ದಾಗ ಹೇಳಬಹುದಿತ್ತು. ನಿನ್ನೆ ಅವನು ಹಗ್ಗ ಹುಡುಕಿಕೊಂಡು ಬಂದಿದ್ದಾಗ ಅವಳು ಹಗ್ಗ ಎಲ್ಲಿದೆ ಎಂದು ಬೆರಳು ತೋರಿಸಿ ಒಳಗೆ ಹೋಗಿದ್ದಳು. ನಿಜವನ್ನೇ ಆಡಿದ್ದಳು, ಆದರೆ ಅವನ ಕೈಗೆ ಸಿಗದ ಎತ್ತರದಲ್ಲಿಟ್ಟು ಆಡಿದ್ದಳು. ಇದನ್ನು ಯಾವ ವಕೀಲರೂ ಹಿಡಿಯಲಾರರು. ಹಿಡಿಯಬಲ್ಲವನು ಒಬ್ಬನಿದ್ದಾನೆ ಎಂದು ನೆನಪಾಗಿ ಅವಳು ಬಸ್ಸಿನಲ್ಲಿ ಸೆರಗು ಎಳೆದುಕೊಂಡು ಇನ್ನಷ್ಟು ಮುದುಡಿ ಕೂತಳು.

ಬೆಳಕು ಇಳಿದು ಹುಳಗಳೆಲ್ಲ ಒಳಸೇರಿದ ಮೇಲೆ ಅವನು ತಳ್ಳುಗಾಡಿ ತಂದ. ಪ್ರತಿ ಪೆಟ್ಟಿಗೆಯ ಬಾಗಿಲಿಗೂ ಬಟ್ಟೆ ತುರುಕಿ, ಹಗ್ಗ ಬಿಗಿದು, ಒಂದೊಂದನ್ನೇ ರಸ್ತೆ ದಾಟಿಸಿದ. ಅವಳು ನಡುಮನೆಯಲ್ಲಿ ದೀಪ ಹಾಕದೆ ಕೂತಿದ್ದಳು. ಅತ್ತೆ ಕಿಟಕಿಯಲ್ಲಿ ನಿಂತು ವರದಿ ಕೊಡುತ್ತಿದ್ದರು: "ಎಡವಿದ... ಇಲ್ಲ, ಹಿಡ್ಕೊಂಡ... ಒಬ್ಬನೇ ಎಷ್ಟು ಅಂತ ಎತ್ತುತ್ತಾನೆ... ಯಾರನ್ನಾದ್ರೂ ಕರ್ಕೊಂಡು ಬರಬಾರದಾಗಿತ್ತಾ, ಬಿಗುಮಾನದ ಮುಂಡೇಗಂಡ." ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿ, "ಇನ್ನು ದಿನಾ ಕಾಣ್ತಾನೆ ಬಿಡು," ಎಂದರು. ಆ ಮಾತಿನಲ್ಲಿದ್ದ ನೆಮ್ಮದಿಗೆ ಅವಳು ತಲೆ ಎತ್ತಲಿಲ್ಲ. ಆ ಕಡೆ ಹುಳ ಬದುಕಿದರೆ ತಾನೇ ಅವನು ಅಲ್ಲಿ ಉಳಿಯುವುದು. ಅವನು ಹೋದ ಮೇಲೆ ಹಿತ್ತಲಿಗೆ ಹೋಗಿ ನೋಡಿದಳು. ಸಾಲು ಹಲ್ಲು ಬಿದ್ದ ಬಾಯಿಯಂತಿತ್ತು. ಖಾಲಿ ಜಾಗಗಳಲ್ಲಿ ನೆಲ ಬೆಳ್ಳಗೆ, ಪೆಟ್ಟಿಗೆಯ ಅಳತೆಗೆ ಸರಿಯಾಗಿ. ಅಲ್ಲೇ ಕಲ್ಲಿನ ಮೇಲೆ ಕೂತಳು. ಕಣ್ಣು ಮುಚ್ಚಿದಳು. ಈ ಸಲ ಆ ಕೋಣೆಯ ಬಾಗಿಲು ತೆರೆದೇ ಇತ್ತು. ಯಾರೂ ಏನೂ ಕೇಳಲಿಲ್ಲ, ಬಾ ಎಂದೂ ಅನ್ನಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಎದ್ದಾಗ ಅವಳಿಗೆ ಸಿಕ್ಕಿದ್ದು ಉಪದೇಶವಲ್ಲ, ಒಂದು ಕೆಲಸ.

ಬೆಳಕು ಹರಿಯುವ ಮುಂಚೆ ಅವಳು ಕತ್ತಿ ಹಿಡಿದು ಬೇಲಿಯ ಸೊಪ್ಪು ಕಡಿದಳು. ಎಲೆ ದಟ್ಟವಾಗಿದ್ದ ರೆಂಬೆಗಳನ್ನು ಆರಿಸಿ, ತೆಕ್ಕೆಗೆ ಸಿಗುವಷ್ಟು ಹೊರೆ ಮಾಡಿಕೊಂಡು ರಸ್ತೆ ದಾಟಿದಳು. ಕಲ್ಲು ನೆಲದ ಮೇಲೆ ಅವನು ಪೆಟ್ಟಿಗೆಗಳನ್ನು ನೇರ ಸಾಲಿನಲ್ಲಿ ಇಟ್ಟಿದ್ದ, ಸಮಮಟ್ಟಕ್ಕೆ ತುಂಡು ಹಲಗೆ ಕೊಟ್ಟು. ಬಾಗಿಲ ಬಟ್ಟೆ ಆಗಲೇ ತೆಗೆದಿದ್ದ. ಅವಳು ಮೊದಲ ಪೆಟ್ಟಿಗೆಯ ಬಾಗಿಲಿಗೆ ರೆಂಬೆಯನ್ನು ಅಡ್ಡ ಒರಗಿಸಿದಳು, ಹುಳ ಹೊರಬಂದರೆ ಎಲೆಗೆ ತಾಗಿ ತಡವರಿಸುವ ಹಾಗೆ. ದಿನದಂತೆ ನೇರ ಹಾರಿಬಿಟ್ಟರೆ ಅದು ಹಳೆಯ ದಾರಿಯಲ್ಲೇ ಹಿಂತಿರುಗುತ್ತದೆ. ಬಾಗಿಲಲ್ಲೇ ಏನೋ ಬದಲಾಗಿದೆ ಎನ್ನಿಸಿದರೆ ನಿಲ್ಲುತ್ತದೆ, ತಿರುಗಿ ನೋಡುತ್ತದೆ.

"ಯಾರದು?"

ವ್ಯಾನಿನ ಹಿಂಬಾಗಿಲು ತೆರೆದಿತ್ತು. ರಾತ್ರಿ ಅದರಲ್ಲೇ ಮಲಗಿದ್ದಿರಬೇಕು, ಕೂದಲು ಕೆದರಿತ್ತು, ಹೆಗಲಿಗೆ ಕಂಬಳಿ.

"ನಾನೇ."

ಅವನು ಇಳಿದು ಬಂದ. ರೆಂಬೆಗಳನ್ನು ನೋಡಿದ, ಅವಳನ್ನು ನೋಡಿದ. "ನಿನ್ನೆ ತಾನೇ ರುಜು ಹಾಕಿದ್ದು. ಅನುಮತಿ ಇಲ್ಲದೆ ಒಬ್ಬರ ಜಾಗಕ್ಕೆ ಇನ್ನೊಬ್ಬರು ಕಾಲಿಡೋ ಹಾಗಿಲ್ಲ."

"ಓದಿದೀನಿ. ಪೊಲೀಸರನ್ನ ಕರೀರಿ. ಅವರು ಬರೋಷ್ಟರಲ್ಲಿ ನಂದು ಮುಗಿಯುತ್ತೆ."

"ಏನಿದು?"

ಅವಳು ಕೂತೇ ಹೇಳಿದಳು, ತಲೆ ತಗ್ಗಿಸಿ, ಕೈ ಕೆಲಸ ಮಾಡುತ್ತಿರುವಾಗಲೇ. ಮೊದಲ ವರ್ಷ ಮರದ ಕೆಳಕ್ಕೆ ಎತ್ತಿಟ್ಟ ಪೆಟ್ಟಿಗೆ, ಸಂಜೆ ಕಲ್ಲಿನ ಮೇಲೆ ಸಿಕ್ಕ ಹಿಡಿಯಷ್ಟು ಹುಳ, ಗುಡಿಸಿದ್ದು, ಅತ್ತದ್ದು. "ದಡ್ಡತನ ಅಂತ ನಿಮಗೆ ಹೇಳಿರಲಿಲ್ಲ. ನಿನ್ನೆ ಹೇಳಿದ್ದೂ ಸರಿಯಾಗಿ ಹೇಳಲಿಲ್ಲ. ನೀವು ನಂಬಬಾರದು ಅಂತ್ಲೇ ಇತ್ತೇನೋ ನನ್ನ ಮನಸ್ಸಲ್ಲಿ." ಅವಳು ಮುಂದಿನ ಪೆಟ್ಟಿಗೆಗೆ ಸರಿದಳು.

ಪೂರ್ವದ ಕಡೆ ಬೆಳ್ಳಗಾಗಿತ್ತು. ಮೊದಲ ಪೆಟ್ಟಿಗೆಯಿಂದ ಒಂದು ಹುಳ ಹೊರಬಂತು. ಎಲೆಗೆ ತಾಗಿತು. ಹಿಂದೆ ಸರಿಯಿತು. ಎಲೆಯ ಅಂಚಿಗೆ ಹತ್ತಿ ಮೇಲೆದ್ದು, ಹಾರಿಹೋಗದೆ ಪೆಟ್ಟಿಗೆಯ ಕಡೆಗೇ ಮುಖ ಮಾಡಿ ಗಾಳಿಯಲ್ಲಿ ತೂಗಾಡಿತು, ಅತ್ತ ಒಂದು ಸಲ, ಇತ್ತ ಒಂದು ಸಲ, ಪ್ರತಿ ಸಲವೂ ಸ್ವಲ್ಪ ಹೆಚ್ಚು ಅಗಲಕ್ಕೆ. ಅದರ ಹಿಂದೆ ಇನ್ನೊಂದು. ಅವನು ಬಗ್ಗಿ ನೋಡುತ್ತಿದ್ದ. ಇಷ್ಟು ವರ್ಷದಲ್ಲಿ ಅವನು ಪೆಟ್ಟಿಗೆಯ ಮುಂದೆ ಹೀಗೆ ಕುಕ್ಕರುಗಾಲಲ್ಲಿ ಕೂತದ್ದು ಅವಳು ಕಂಡಿರಲಿಲ್ಲ.

"ಇದರಿಂದ ಎಲ್ಲಾ ನಿಂತುಬಿಡ್ತವಾ?"

"ಎಲ್ಲಾ ನಿಲ್ಲಲ್ಲ. ಒಂದಿಷ್ಟು ಬಂದೇ ಬರ್ತವೆ ನನ್ನ ಕಡೆಗೆ."

ಈ ಮಾತಿಗೆ ಅವನು ಏನು ಹೇಳುತ್ತಾನೋ ಎಂದು ಅವಳ ಕೈ ನಿಂತಿತು. ವರ್ಷದಿಂದೀಚೆಗೆ ಇಬ್ಬರ ನಡುವೆ ಆಡಿದ ಒಂದೊಂದು ಮಾತಿಗೂ ಹಿಂದೆ ಯಾರೋ ಕೂತು ಅರ್ಥ ಬರೆಯುತ್ತಿದ್ದರು. ಉಪ್ಪು ಎಲ್ಲಿದೆ ಎಂದರೆ ಆರೋಪ, ಹಗ್ಗ ಎಲ್ಲಿದೆ ಎಂದರೆ ಹಕ್ಕು. ಅವನು ಹೊರೆಯಿಂದ ಒಂದು ರೆಂಬೆ ಎಳೆದುಕೊಂಡ. ಸಾಲಿನ ಆ ತುದಿಗೆ ಹೋಗಿ, ಕೊನೆಯ ಪೆಟ್ಟಿಗೆಯ ಬಾಗಿಲಿಗೆ ಅವಳು ಒರಗಿಸಿದ ಹಾಗೆಯೇ ಒರಗಿಸಿದ. ಸರಿಯಾಗಲಿಲ್ಲ, ಮತ್ತೆ ತೆಗೆದು ಒರಗಿಸಿದ. ಅಲ್ಲಿಂದಲೇ ಕೇಳಿದ:

"ಎಷ್ಟು ದಿನ ಇಡಬೇಕು ಇದನ್ನ?"

ಅದು ಬರೀ ಪ್ರಶ್ನೆಯಾಗಿತ್ತು. ಅದರ ಹಿಂದೆ ಯಾರೂ ಕೂತಿರಲಿಲ್ಲ.

"ಒಣಗೋ ತನಕ," ಎಂದಳು ಅವಳು. "ತೆಗೆಯೋಕೆ ಹೋಗಬೇಡಿ. ಎಲೆ ಅದಾಗೇ ಉದುರುತ್ತೆ."